ಹಳೆಯ ಬುಲ್ಡೋಜರು

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಬುಲ್ಡೋಜರಿನ ಗೊಡವೆಯೇಕೆಂದು ಸಹಪಾಠಿಗಳು ನಗಬಹುದು. ಆದರೆ ಕಳೆದ ಸುಗ್ಗಿಯಿಂದೀಚೆಗೆ ನಮ್ಮ ಮನೆಯಲ್ಲಿ ನಡೆದಿರುವುದು ಇದೊಂದೇ ಮಾತು. ಮಧುಗಿರಿಯ ಕಡೆ ನಮ್ಮ ತಂದೆಯವರಿಗೂ ಚಿಕ್ಕಪ್ಪನವರಿಗೂ ಸೇರಿ ೬ ಎಕರೆ ಇಳಿಜಾರಿನ ಕೆಂಪು ಹೊಲವಿದೆ. ಮಳೆ ಬಿದ್ದರೆ ನೀರು ಮಣ್ಣನ್ನೂ ಹೊತ್ತುಕೊಂಡು ಹಳ್ಳ ಸೇರುತ್ತದೆ. ಹಳೆಯ ಸಣ್ಣ ಬುಲ್ಡೋಜರೊಂದನ್ನು ಕೊಂಡು ಹೊಲವನ್ನು ಹಂತಹಂತವಾಗಿ ಮಟ್ಟಮಾಡಿ ಒಡ್ಡು ಹಾಕುವುದು, ಆಮೇಲೆ ಅದನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಡುವುದು ಚಿಕ್ಕಪ್ಪನವರ ಯೋಜನೆ. ಹಣಕ್ಕೆ ಅವ್ವನ ಒಡವೆ ಅಡವಿಡಬೇಕು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ “ನೀನೇ ವಿಚಾರಿಸಿ ಹೇಳಪ್ಪ” ಎಂದರು. ಪುಸ್ತಕಗಳಿಂದಲೂ, ಅದಕ್ಕಿಂತ ಹೆಚ್ಚಾಗಿ ರಿಪೇರಿ ಮಾಡುವ ಮೇಸ್ತ್ರಿಗಳಿಂದಲೂ ನಾನು ತಿಳಿದುಕೊಂಡುದು ಇಷ್ಟು.

ಚಕ್ರಗಳು ಹೂತುಹೋಗುವ ಮೆದು ನೆಲದಲ್ಲಿ ಪಟ್ಟಿಯ ಮೇಲೆ ನಡೆಯುವ ಟ್ರ್ಯಾಕ್ಟರನ್ನು ಅಮೆರಿಕೆಯ ಬೆಂಜಮಿನ್ ಹೋಲ್ಟನು ೧೯೦೪ರಲ್ಲಿ ಪ್ರಯೋಗಿಸಿದನು. ೧೯೨೩ರಲ್ಲಿ ಕಾನ್ಸಾಸ್ ಪ್ರಾಂತದ ರೈತ ಜೇಮ್ಸ್ ಕಮಿಂಗ್ಸನೂ ನಕ್ಷೆಗಾರ ಅರ್ಲ್ ಮೆಕ್ಲಿಯಾಡನೂ ಟ್ರ್ಯಾಕ್ಟರಿನ ಮುಂದೆ ಮಣ್ಣು ತಳ್ಳುವ ಫಲಕವನ್ನು ಕಟ್ಟಿದರು. ನಮ್ಮ ನಾಡಿನಲ್ಲಿ ೧೯೬೪ರಲ್ಲಿ ಸ್ಥಾಪಿತವಾದ ಬಿ.ಇ.ಎಂ.ಎಲ್. ಸಂಸ್ಥೆಯು ಕೋಲಾರದ ಚಿನ್ನದ ಗಣಿ ಪ್ರದೇಶದ ತನ್ನ ಕಾರ್ಖಾನೆಯಲ್ಲಿ ಇವನ್ನು ತಯಾರಿಸುತ್ತದೆ. ಮಣ್ಣು ಮುಟ್ಟುವ ಹಳದಿ ಯಂತ್ರಕ್ಕೆಲ್ಲ ನಮ್ಮೂರವರು ಜೆಸಿಬಿ ಎನ್ನುವುದುಂಟು! ಜೆಸಿಬಿ ಅಗೆದು ಎತ್ತುತ್ತದೆ. ಬುಲ್ಡೋಜರು ಕೆರೆದು ತಳ್ಳುತ್ತದೆ. ದಿಬ್ಬ ಕಡಿದು ತಗ್ಗು ತುಂಬಲು ಎರಡನೆಯದೇ ಮೇಲು. ಆದರೆ ತಳ್ಳುವ ದೂರ ೧೦೦ ಮೀಟರು ದಾಟಿದರೆ ಅದೂ ಗಿಟ್ಟುವುದಿಲ್ಲ.

ಹಳೆಯ ಯಂತ್ರವನ್ನು ನೋಡುವವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಎಂಜಿನಿನ ಸದ್ದು ಕೇಳುತ್ತಾರೆ. ನೋಡಬೇಕಾದುದು ಕೆಳಗೆ. ಚೈನು, ಅದು ಉರುಳುವ ರೋಲರುಗಳು, ಹಿಂದಿನ ಹಲ್ಲುಚಕ್ರ, ಮುಂದಿನ ಐಡ್ಲರು, ಇವು ನಾಲ್ಕು ಸೇರಿ ಯಂತ್ರದ ರಿಪೇರಿ ಖರ್ಚಿನಲ್ಲಿ ಅರ್ಧದವರೆಗೂ ನುಂಗಬಲ್ಲವು. ನಮ್ಮ ಗರಸು ಮಣ್ಣಿನಲ್ಲಿ ಸವೆತ ಇನ್ನೂ ಬೇಗ. ಹಲ್ಲುಚಕ್ರದ ಹಲ್ಲುಗಳು ಮುಳ್ಳಿನಂತೆ ಚೂಪಾಗಿದ್ದರೆ ಅದರ ಕಾಲ ಮುಗಿಯಿತೆಂದೇ ತಿಳಿಯಬೇಕು. ಚೈನು ಬಿಗಿಯಾಗಿದೆಯೆಂದು ಸಮಾಧಾನಪಡುವಂತಿಲ್ಲ. ಗ್ರೀಸು ತುಂಬಿ ಐಡ್ಲರನ್ನು ಮುಂದಕ್ಕೆ ತಳ್ಳಿದರೆ ಸವೆದ ಚೈನೂ ಬಿಗಿಯಾಗುತ್ತದೆ. ಐಡ್ಲರು ತುದಿಯವರೆಗೂ ಮುಂದೆ ಬಂದಿದೆಯೇ ಎಂದು ಬಗ್ಗಿ ನೋಡಿದರೆ ಗುಟ್ಟು ತಿಳಿಯುತ್ತದೆ. ಪಿನ್ನು-ಬುಷ್ಷುಗಳು ಸವೆದಂತೆ ಚೈನು ಉದ್ದವಾಗುವುದರಿಂದ ನಾಲ್ಕಾರು ಕೊಂಡಿಗಳ ಉದ್ದವನ್ನು ಟೇಪಿನಿಂದ ಅಳೆದು ಹೊಸದರ ಅಳತೆಯೊಡನೆ ಹೋಲಿಸುವುದು ಇನ್ನೂ ಖಚಿತ. ನಾವು ನೋಡಿದ ಮೊದಲ ಯಂತ್ರಕ್ಕೆ ಬಣ್ಣ ಹೊಸದು, ಸೀಟು ಹೊಸದು. ಮೇಸ್ತ್ರಿಗಳು ಹಲ್ಲುಚಕ್ರದ ಮೇಲೆ ಕೈಯಾಡಿಸಿ ಮಾತಿಲ್ಲದೆ ಹೊರಟರು. ನಾವೂ ಹೊರಟೆವು.

ಎಂಜಿನನ್ನು ತಣ್ಣಗಿರುವಾಗಲೇ ಚಾಲೂ ಮಾಡಿಸಬೇಕು. ನಾವು ಹೋಗುವಷ್ಟರಲ್ಲಿ ಬಿಸಿಯಾಗಿದ್ದರೆ ಅನುಮಾನಕ್ಕೆ ಎಡೆಯುಂಟು. ನೀಲಿ ಹೊಗೆ ಬಿಡುತ್ತಲೇ ಇದ್ದರೆ ಎಂಜಿನು ಆಯಿಲನ್ನು ಸುಡುತ್ತಿದೆ. ಬಳಿಕ ಒಂದು ಕಡೆಯ ಲಿವರನ್ನು ಎಳೆದು, ಬ್ಲೇಡಿನ ಮುಂದೆ ಮಣ್ಣಿನ ಭಾರವಿರುವಾಗ ಯಂತ್ರ ಎರಡು ಕಡೆಗೂ ಸಲೀಸಾಗಿ ತಿರುಗುವುದೇ ಎಂದು ಪರೀಕ್ಷಿಸಬೇಕು. ಬರಿದೇ ತಿರುಗುವುದು ಪರೀಕ್ಷೆಯಲ್ಲ. ಗಂಟೆ ತೋರಿಸುವ ಮೀಟರನ್ನು ಬದಲಿಸುವುದು ಸುಲಭ. ಸವೆದ ಪೆಡಲು, ಬ್ಲೇಡಿನ ತೋಳುಗಳ ಹಳೆಯ ವೆಲ್ಡಿಂಗು ಹೇಳುವ ಲೆಕ್ಕವೇ ಹೆಚ್ಚು ನಂಬಿಕೆಗೆ ಅರ್ಹ. ಕಾಗದಪತ್ರ, ಎಂಜಿನಿನ ನಂಬರು, ಹಳೆಯ ಸಾಲದ ತೀರುವಳಿ ಇವನ್ನು ಬೇರೆ ಹೇಳಬೇಕಿಲ್ಲ.

ಇನ್ನು ಬಾಡಿಗೆಯ ವಿಚಾರ. ಒಣಭೂಮಿಯಲ್ಲಿ ಈ ಕೆಲಸಕ್ಕೆ ಹೊಲ ಬರಿದಾಗಿರುವುದು ಸುಗ್ಗಿ ಮುಗಿದಂದಿನಿಂದ ಮುಂಗಾರಿನವರೆಗೆ ಮಾತ್ರ. ಉಳಿದ ತಿಂಗಳುಗಳಲ್ಲಿ ಯಂತ್ರ ನಿಂತಿದ್ದರೂ ಸಾಲದ ಬಡ್ಡಿ ನಿಲ್ಲುವುದಿಲ್ಲ. ಉಕ್ಕಿನ ಪಟ್ಟಿಯ ಯಂತ್ರವು ಡಾಂಬರು ರಸ್ತೆಯಲ್ಲಿ ನಡೆದು ಹೋಗುವಂತಿಲ್ಲ. ಊರಿಂದೂರಿಗೆ ತಗ್ಗಿನ ಲಾರಿಯ ಮೇಲೆ ಸಾಗಿಸಬೇಕು, ಆ ಬಾಡಿಗೆ ಬೇರೆ. ಅಕ್ಕಪಕ್ಕದ ಹೊಲಗಳವರು ಎಷ್ಟು ಗಂಟೆಯ ಕೆಲಸ ಕೊಡುವರೆಂದು ಮೊದಲೇ ಬರೆದುಕೊಂಡು, ಅದರಿಂದ ಬಡ್ಡಿ, ಡೀಸೆಲು, ಚಾಲಕನ ಸಂಬಳ, ಮುಂದಿನ ಚೈನಿನ ಬೆಲೆ ಹುಟ್ಟುವುದೇ ಎಂದು ಕೂಡಿ ನೋಡಬೇಕು. ನಮ್ಮ ಲೆಕ್ಕ ಈವರೆಗೆ ಕೂಡಿಬಂದಿಲ್ಲ. ೬ ಎಕರೆಯೊಂದಕ್ಕೇ ಆದರೆ ಬಾಡಿಗೆಗೆ ತರಿಸುವುದೇ ಲೇಸೆಂಬುದು ನನ್ನ ಅಭಿಪ್ರಾಯ. ಚಿಕ್ಕಪ್ಪನವರಿಗೆ ಇದು ರುಚಿಸಿಲ್ಲ.

ಸ್ವಂತದ್ದಾಗಲಿ ಬಾಡಿಗೆಯದಾಗಲಿ, ಯಂತ್ರ ಹೊಲಕ್ಕಿಳಿದ ದಿನ ಮಾಲೀಕನು ಬದುವಿನ ಮೇಲೆಯೇ ಇರಬೇಕು. ಚಾಲಕನಿಗೆ ನೆಲ ಮಟ್ಟವಾದರೆ ಸರಿ. ಬೆಳೆ ಕೊಡುವ ಮೇಲ್ಮಣ್ಣು ತಗ್ಗಿನ ತಳ ಸೇರಿದರೂ ಅವನಿಗೆ ನಷ್ಟವಿಲ್ಲ. ಆದುದರಿಂದ ಮೊದಲು ಮೇಲಿನ ಒಂದು ಗೇಣು ಮಣ್ಣನ್ನು ಪಕ್ಕಕ್ಕೆ ಒಟ್ಟಿಸಿ, ಕೆಳಮಣ್ಣನ್ನು ಮಟ್ಟ ಮಾಡಿಸಿ, ಆ ಮಣ್ಣನ್ನು ಮತ್ತೆ ಮೇಲೆ ಹರಡಿಸಬೇಕು. ಇದರಿಂದ ಗಂಟೆಗಳು ಹೆಚ್ಚುತ್ತವೆ. ಮೊದಲ ವರ್ಷ ರಾಗಿಯ ಆಸೆ ಬಿಟ್ಟು, ಕೊಟ್ಟಿಗೆ ಗೊಬ್ಬರ ಹಾಕಿ ಹುರುಳಿ ಚೆಲ್ಲುವುದು ಒಳ್ಳೆಯದು.