ಅಮೆರಿಕದ ಲಾರಿ ಪರವಾನಗಿ: ಸರಕಿನ ಹೊಣೆ ಯಾರದು?

ಅಮೆರಿಕದಲ್ಲಿ ಅಂತರರಾಜ್ಯ ಸರಕು ಸಾಗಣೆಯ ವ್ಯವಹಾರಕ್ಕೆ ಕೇಂದ್ರ ಸರ್ಕಾರದ ಮೋಟಾರು ಸಾಗಣೆ ಸುರಕ್ಷತಾ ಆಡಳಿತವು ನೀಡುವ ಪರವಾನಗಿಯಲ್ಲಿ ಸಾಗಣೆದಾರ, ಫ್ರೈಟ್ ಫಾರ್ವರ್ಡರ್, ಬ್ರೋಕರ್ ಎಂಬ ಭೇದಗಳಿವೆ. ಗ್ರಾಹಕನ ಗೋದಾಮಿನವರೆಗೆ ಮಾಲು ತಲುಪಿಸಲು ಒಪ್ಪಿದ ನಮ್ಮ ರಫ್ತುದಾರರು ಇದನ್ನು ಅರಿತಿರಬೇಕು. ಮೊದಲಿನ ಇಬ್ಬರು ಸರಕಿನ ನಷ್ಟಕ್ಕೆ ಹೊಣೆಗಾರರು. ಬ್ರೋಕರ್ ಲಾರಿ ಗೊತ್ತುಮಾಡಿಕೊಡುವ ದಲ್ಲಾಳಿ, ಸಾಮಾನ್ಯವಾಗಿ ಹೊಣೆಗಾರನಲ್ಲ. 2013ರಿಂದ ಆತನು ಇಡಬೇಕಾಗಿರುವ 75,000 ಡಾಲರುಗಳ ಭದ್ರತೆಯೂ ಹೆಚ್ಚಾಗಿ ಲಾರಿ ಬಾಡಿಗೆಯ ಬಾಕಿಗೆ ಒದಗುತ್ತದೆಯೇ ಹೊರತು ಒಡೆದ ಮಾಲಿಗಲ್ಲ. ಇನ್ನೂ ವಿಚಿತ್ರವೆಂದರೆ, ಸಾಮಾನ್ಯ ಸರಕಿನ ಸಾಗಣೆದಾರನಿಗೆ 2011ರಿಂದ ಸರಕು ವಿಮೆ ಕಡ್ಡಾಯವಲ್ಲ. ಭಾರೀ ಲಾರಿಗೆ ಕಡ್ಡಾಯವಾಗಿರುವ ಕನಿಷ್ಠ 7,50,000 ಡಾಲರುಗಳ ವಿಮೆಯು ಮೂರನೆಯವರಿಗಾದ ಹಾನಿಗಷ್ಟೆ. ಆದ್ದರಿಂದ ಪರವಾನಗಿಯು ಯಾವ ಬಗೆಯದೆಂಬುದನ್ನು ಆಡಳಿತದ ದಾಖಲೆಯಲ್ಲಿ ಪರಿಶೀಲಿಸಿ, ಸರಕು ವಿಮೆಯ ಪ್ರಮಾಣಪತ್ರವನ್ನು ಮಾಲು ಲಾರಿಗೇರುವ ಮುನ್ನವೇ ತರಿಸಿಕೊಳ್ಳತಕ್ಕದ್ದು.