ಹಳೆಯ ಡೀಸೆಲ್ ಕಾರಿಗೆ ಹೊಂಗೆ ಬಯೋಡೀಸೆಲ್: ಮಾಲೀಕರು ತಿಳಿದಿರಬೇಕಾದ ಅಂಶಗಳು

ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಹೊಲದ ಬದುಗಳಲ್ಲಿ ಬೆಳೆಯುವ ಹೊಂಗೆಯ ಬೀಜದಿಂದ ಬಯೋಡೀಸೆಲ್ ತಯಾರಿಸಬಹುದಾಗಿದೆ. ರಾಜ್ಯ ಸರ್ಕಾರವು 2009ರಲ್ಲಿ ಜೈವಿಕ ಇಂಧನ ನೀತಿಯನ್ನು ರೂಪಿಸಿತು. ಆದರೆ ಗಾಣದ ಎಣ್ಣೆಯೇ ಬಯೋಡೀಸೆಲ್ ಅಲ್ಲ.

ತಯಾರಿಕೆ:
ಹೊಂಗೆ ಎಣ್ಣೆಯು ಡೀಸೆಲ್‌ಗಿಂತ ಹೆಚ್ಚು ಮಂದವಾಗಿದ್ದು, ನೇರವಾಗಿ ಬಳಸಿದಲ್ಲಿ ಇಂಜೆಕ್ಟರ್‌ಗಳಲ್ಲಿ ಮಸಿ ಕಟ್ಟುತ್ತದೆ. ಎಣ್ಣೆಯನ್ನು ಸುಮಾರು 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮೆಥನಾಲ್ ಹಾಗೂ ಕ್ಷಾರದೊಂದಿಗೆ ಬೆರೆಸಿದಾಗ ಬಯೋಡೀಸೆಲ್ ಮೇಲೆ ನಿಂತು, ಗ್ಲಿಸರಿನ್ ತಳಕ್ಕೆ ಇಳಿಯುತ್ತದೆ. ಎಣ್ಣೆಯಲ್ಲಿ ಆಮ್ಲಾಂಶ ಹೆಚ್ಚಿದ್ದಲ್ಲಿ ಇಂಧನದ ಬದಲು ಸಾಬೂನು ಉಂಟಾಗುತ್ತದೆ. ಆದ್ದರಿಂದ ಅದನ್ನು ಮೊದಲೇ ಸಂಸ್ಕರಿಸಬೇಕು. ಬಯೋಡೀಸೆಲ್ ಅನ್ನು ತೊಳೆದು, ನೀರಿನಂಶವನ್ನು ಪೂರ್ಣವಾಗಿ ತೆಗೆಯಬೇಕು.

ಎಚ್ಚರಿಕೆ:
ಮೆಥನಾಲ್ ವಿಷಕಾರಿಯಾಗಿದ್ದು, ಅದರ ಆವಿಯು ಸುಲಭವಾಗಿ ಬೆಂಕಿ ಹೊತ್ತಿಕೊಳ್ಳುತ್ತದೆ. ಅಡುಗೆಮನೆಯಲ್ಲಿ ಅಥವಾ ಒಲೆಯ ಬಳಿ ಈ ಕಾರ್ಯ ಸಲ್ಲದು.

ವಾಹನದ ಮೇಲಿನ ಪರಿಣಾಮ:
1. ಹಳೆಯ ಕಾರುಗಳ ನೈಸರ್ಗಿಕ ರಬ್ಬರ್ ಕೊಳವೆಗಳು ಮೆತ್ತಗಾಗಿ ಸೋರಬಹುದು.
2. ಟ್ಯಾಂಕಿನಲ್ಲಿನ ಹಳೆಯ ಕಸರು ಸಡಿಲಗೊಂಡು ಫಿಲ್ಟರ್ ಕಟ್ಟಿಕೊಳ್ಳಬಹುದು.
3. ಉಳಿದ ನೀರಿನಂಶದಿಂದ ಇಂಧನ ಪಂಪ್ ತುಕ್ಕು ಹಿಡಿಯಬಹುದು.

ನಿಯಮಗಳು:
ಕೇಂದ್ರ ಸರ್ಕಾರದ 2019ರ ಮಾರ್ಗಸೂಚಿಯನ್ವಯ ಸಾರಿಗೆಗಾಗಿ ಮಾರಾಟವಾಗುವ ಬಯೋಡೀಸೆಲ್ ಡೀಸೆಲ್‌ನೊಂದಿಗೆ ಮಿಶ್ರಣ ಮಾಡಲು ಮಾತ್ರ ಮೀಸಲು. ಅದರ ಗುಣಮಟ್ಟವನ್ನು ಐಎಸ್ 15607 ನಿಗದಿಪಡಿಸುತ್ತದೆ. ಮನೆಯ ಇಂಧನವು ಈ ಮಟ್ಟದಲ್ಲಿದೆ ಎಂಬುದು ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ತಿಳಿಯದು. 15 ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿ ನವೀಕರಣಕ್ಕೆ ತಪಾಸಣೆ ಕಡ್ಡಾಯವಾಗಿದ್ದು, ಇಂಧನ ಸೋರಿಕೆ ಹಾಗೂ ಅತಿಯಾದ ಹೊಗೆ ಅದಕ್ಕೆ ಅಡ್ಡಿಯಾಗಬಹುದು. ಆದುದರಿಂದ ಮಾಲೀಕರು ವಾಹನ ತಯಾರಕರ ಕೈಪಿಡಿಯಲ್ಲಿ ಅನುಮತಿಸಿದ ಮಿಶ್ರಣವನ್ನು ಮೀರದಿರುವುದು ಸೂಕ್ತ.