ಒಂದು ವಿರೋಧ ಮತದ ಬೆಲೆ

ಅನೇಕ ವಾಣಿಜ್ಯ ಜಾಲತಾಣಗಳು ಅಪಾಚೆ ವೆಬ್ ಸರ್ವರ್ ಎಂಬ ಮುಕ್ತ ತಂತ್ರಾಂಶವನ್ನು ಅವಲಂಬಿಸಿವೆ. 1995ರಲ್ಲಿ ಸ್ವಯಂಸೇವಕರು ಆರಂಭಿಸಿದ ಈ ಯೋಜನೆಯನ್ನು 1999ರಿಂದ ಅಪಾಚೆ ಸಾಫ್ಟ್‌ವೇರ್ ಪ್ರತಿಷ್ಠಾನವು ನಿರ್ವಹಿಸುತ್ತಿದೆ. ಇಲ್ಲಿ ತೀರ್ಮಾನಗಳು ಮತದಿಂದಲೇ ಆಗುತ್ತವೆ.

ಒಪ್ಪಿಗೆಗೆ +1, ತಟಸ್ಥತೆಗೆ 0, ವಿರೋಧಕ್ಕೆ -1. ತಂತ್ರಾಂಶದ ಮೂಲ ಸಂಕೇತದಲ್ಲಿ ಮಾಡುವ ಬದಲಾವಣೆಯನ್ನು ಮತಾಧಿಕಾರವುಳ್ಳ ಒಬ್ಬರೇ ತಡೆಯಬಲ್ಲರು. ಆದರೆ ತಾಂತ್ರಿಕ ಕಾರಣ ನೀಡದ ತಡೆಗೆ ಮಾನ್ಯತೆಯಿಲ್ಲ. ಹೊಸ ಆವೃತ್ತಿಯ ಬಿಡುಗಡೆಯನ್ನು ಮಾತ್ರ ಹೀಗೆ ತಡೆಯಲಾಗದು. ಕನಿಷ್ಠ ಮೂರು ಒಪ್ಪಿಗೆ ಮತಗಳಿದ್ದು, ವಿರೋಧಕ್ಕಿಂತ ಒಪ್ಪಿಗೆ ಹೆಚ್ಚಿದ್ದರೆ ಸಾಕು. ದೂರದೇಶಗಳ ಸದಸ್ಯರಿಗೂ ಅವಕಾಶವಾಗಲೆಂದು ಸಾಮಾನ್ಯವಾಗಿ 72 ಗಂಟೆ ಕಾಯಲಾಗುತ್ತದೆ.

ಹೀಗೆ ದೋಷಕ್ಕೂ ತಡೆಯುಂಟು, ಅನಗತ್ಯ ವಿಳಂಬಕ್ಕೂ ತಡೆಯುಂಟು. ಒಬ್ಬರ ಭಿನ್ನಮತದಿಂದ ವ್ಯವಹಾರ ಸ್ಥಗಿತಗೊಳ್ಳುವ ಪಾಲುದಾರಿಕೆ ಸಂಸ್ಥೆಗಳು ಈ ಕ್ರಮವನ್ನು ಅವಶ್ಯ ಗಮನಿಸಬೇಕು.